ರೋಬೋ ತುಳಿದ ನಿಂಬೆಹಣ್ಣು

ಒಂದು ಕಡೆ ಕೂರುವ ಜಾತಿಯೇ ಅಲ್ಲ ನಾನು. ಹೊಸೂರಿನ ಹತ್ತಿರದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತ, ಪಿಎಚ್.ಡಿ.ಗೆಂದು ಬಾಹ್ಯಾಕಾಶದ ರೋಬೋ ಒಂದನ್ನು ಪಳಗಿಸಲು ಹೊರಟಿದ್ದ ಆ ವರ್ಷವಂತೂ ಕಾಲು ಸುಟ್ಟ ಬೆಕ್ಕಿನ ಹಾಗಿದ್ದೆ.

ಕೃಷ್ಣಗಿರಿಯಿಂದ ತರಿಸಿದ ಗ್ರಾನೈಟ್ ಚಪ್ಪಡಿ, ಕೈಯಿಟ್ಟರೆ ಜಾರುವಷ್ಟು ನಯ. ರೋಬೋದ ಮೂರು ಪಾದಗಳ ಕೆಳಗೆ ಗಾಳಿ ಊದಿದರೆ ಅದರ ಮೇಲೆ ತೇಲುತ್ತಿತ್ತು. ಆಕಾಶದಲ್ಲೂ ಹಾಗೇ, ಕೈ ಮುಂದೆ ಚಾಚಿದರೆ ಮೈ ಹಿಂದಕ್ಕೆ ತಿರುಗುತ್ತದೆ. ಎಷ್ಟು ಚಾಚಿದರೆ ಎಷ್ಟು ತಿರುಗೀತೆಂದು ನ್ಯೂರಲ್ ನೆಟ್‌ವರ್ಕ್ ತಾನೇ ಕಲಿಯಬೇಕು. ಮೋಟಾರಿಗೆ ಹಾಕಿದ ಮಿತಿಯನ್ನೂ ಕೈಗೆ ಎಳೆದ ಗೆರೆಯನ್ನೂ ದಾಟಬಾರದು. ಕೈ ತಾನು ಮುಟ್ಟಿ ನಿಲ್ಲಬೇಕಾದ ಗುರುತು ಬಿಟ್ಟು ಹೊಯ್ದಾಡಿತೋ, ನಾನು ಸ್ವಿಚ್ ಆರಿಸಿ ಬೈಯುತ್ತಿದ್ದೆ. ಬೆಂಗಳೂರಿನ ಗೈಡ್ ಬಂದು ನೋಡಿ ಒಪ್ಪದಿದ್ದರೆ ರೋಬೋ ಇಟ್ಟಿದ್ದ ಕೋಣೆ ಕಂಪ್ಯೂಟರ್ ಲ್ಯಾಬಿಗೆ ಹೋಗುತ್ತಿತ್ತು, ನನ್ನ ಪಿಎಚ್.ಡಿ.ಯೂ ಅಲ್ಲಿಗೆ ಮುಗಿಯುತ್ತಿತ್ತು.

ಅಷ್ಟರಲ್ಲಿ ಆಯುಧಪೂಜೆ ಬಂತು. ಲ್ಯಾಬಿನ ಅಟೆಂಡರ್ ಅಣ್ಣ ರೋಬೋಗೆ ಕುಂಕುಮ ಇಟ್ಟರು. ಚಕ್ರ ಇಲ್ಲವಲ್ಲ, ಒಂದು ಪಾದದ ಬುಡದಲ್ಲೇ ನಿಂಬೆಹಣ್ಣು ಹಿಂಡಿದರು. ಬೇಡ ಎಂದೆ.

"ನಿಂಬೆಹಣ್ಣು ತುಳಿಸ್ದೆ ಯಾವ ಗಾಡೀನಾರಾ ಓಡಿಸ್ತಾರಾ ಮೇಡಂ?"

ರಜೆ ಮುಗಿಸಿ ಬಂದು ನೋಡಿದರೆ, ಕೈ ಗುರುತಿನಲ್ಲೇ ನಿಂತಿತು! ದಿನವೂ ನಿಂತಿತು. ಅಂತೂ ಕಲಿತುಬಿಟ್ಟಿತೆಂದು ಕುಣಿದಾಡಿದೆ.

ಗೈಡ್ ಬರುವ ಬೆಳಿಗ್ಗೆ, ದೊಡ್ಡವರು ಬರುತ್ತಾರೆಂದು ಅಣ್ಣ ಚಪ್ಪಡಿಯನ್ನೂ ಪಾದಗಳನ್ನೂ ತಿಕ್ಕಿ ಒರೆಸಿದ್ದರು. ಗೈಡ್ ಎದುರು ರೋಬೋ ಕೈ ಚಾಚಿದ್ದೇ ತಡ, ಮತ್ತೆ ಅದೇ ಹೊಯ್ದಾಟ. ಇಷ್ಟು ದಿನ ಮೈ ತಿರುಗದಂತೆ ಪಾದವನ್ನು ಹಿಡಿದು ನಿಲ್ಲಿಸಿದ್ದು ಒಣಗಿ ಅಂಟಾದ ನಿಂಬೆರಸ, ನನ್ನ ನೆಟ್‌ವರ್ಕ್ ಅಲ್ಲ. ಸ್ವಿಚ್ಚಿಗೆ ಕೈ ಹಾಕಿದೆ.

"ಕೈ ತೆಗೀರಮ್ಮ," ಎಂದರು ಗೈಡ್. "ಅದನ್ನ ಕಲಿಯೋದಕ್ಕಾದ್ರೂ ಬಿಡಿ."

ತೆಗೆದೆ. ರೋಬೋದ ಕೈ ಗೆರೆಯವರೆಗೂ ಹೋಯಿತು, ದಾಟಲಿಲ್ಲ. ಹಿಂದಕ್ಕೆ ಬಂತು, ಮತ್ತೆ ಹೋಯಿತು. ನನಗೆ ನಿಂತ ಕಡೆ ನಿಲ್ಲಲಾಗುತ್ತಿರಲಿಲ್ಲ. ಹೊಯ್ದಾಟ ಕಿರಿದಾಗುತ್ತ ಆಗುತ್ತ ಕೊನೆಗೆ ಕೈ ಗುರುತಿನ ಮೇಲೆ ನಿಂತಿತು. ಅಲ್ಲಿಯವರೆಗೆ ನಾನು ಅದನ್ನು ಒಂದು ಸಲವೂ ಅಷ್ಟು ಹೊತ್ತು ಹೊಯ್ದಾಡಲು ಬಿಟ್ಟಿರಲಿಲ್ಲ. ಅಳುವೂ ಬಂತು, ನನ್ನ ಮೇಲೇ ಸಿಟ್ಟೂ ಬಂತು.

ನಿಂಬೆಹಣ್ಣಿನ ಕಥೆಯನ್ನೂ ಹೇಳಿದೆ. ಗೈಡ್ ನಕ್ಕರು. ಹಾಗಾದರೆ ಬೇರೆ ಪಾದ ಅಂಟಿ ಮೈ ತಿರುಗುವ ಬಗೆ ಬದಲಾದರೂ ಕಲಿಯುತ್ತದೋ ನೋಡಿಬಿಡೋಣ, ಆಮೇಲೆ ಥೀಸಿಸ್ ಬರೆಯಲು ಕೂರಿ ಎಂದರು.

"ಅಣ್ಣಾ, ಇನ್ನೊಂದು ನಿಂಬೆಹಣ್ಣು ಹಿಂಡಿ," ಎಂದು ಹೇಳಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಗಟ್ಟಿಯಾಗಿ ಕಟ್ಟಿಕೊಂಡು ನಿಂತೆ.