ಪಾವಗಡದ ಬಸ್ಸಿನ ಹಿಂದೆ ಓಡಿದ ಕಳ್ಳ

ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಪಾವಗಡದ ಬಸ್ಸಿನ ಹಿಂದೆ ಓಡಿದೆ, ಸಿಗಲಿಲ್ಲ. ಏದುಸಿರು ಬಿಡುತ್ತಾ ವಾಪಸ್ ಬಂದರೆ, ಹುರಿದ ಕಡಲೆಕಾಯಿ ಮಾರುತ್ತಿದ್ದ ವಯಸ್ಸಾದ ಹೆಂಗಸೊಬ್ಬಳು ನನ್ನನ್ನೇ ದಿಟ್ಟಿಸುತ್ತಿದ್ದಳು.

"ನೀನು ಟಿವಿ ಕಳ್ಳ ಅಲ್ವೇನಪ್ಪ? ಓಟ ನೋಡ್ತಿದ್ದಂಗೇ ಗೊತ್ತಾಯ್ತು."

ನಿಜ. ಟಿವಿಯಲ್ಲಿ ಒಂದೇ ಚಾನೆಲ್ ಇದ್ದ ಕಾಲದಲ್ಲಿ ಒಂದು ಪೊಲೀಸ್ ಧಾರಾವಾಹಿಯಲ್ಲಿ ನಾನು ಕಳ್ಳನಾಗಿದ್ದೆ. ಮಾತಿರಲಿಲ್ಲ, ಬರೀ ಓಟ. ಆಗ ಸೆಟ್ಟು ಗಿಟ್ಟು ಏನೂ ಇಲ್ಲ. ಬೆಂಗಳೂರಿನ ಮಾರ್ಕೆಟ್ ಬೀದಿಯಲ್ಲಿ ಜನರ ನಡುವೆಯೇ ಓಡಬೇಕು. ಕ್ಯಾಮೆರಾ ನೋಡದ ಯಾರೋ ಒಬ್ಬರು ನನ್ನನ್ನು ಹಿಡಿದು ನಿಜವಾಗಿಯೇ ಬಾರಿಸಿದ್ದರು. ಡೈರೆಕ್ಟರಿಗೆ ಅದು ಬಹಳ ಹಿಡಿಸಿ, ಹಾಗೇ ಉಳಿಸಿಕೊಂಡರು. ಇಷ್ಟು ವರ್ಷದಲ್ಲಿ ಯಾರೂ ನನ್ನ ಗುರುತು ಹಿಡಿದಿರಲಿಲ್ಲ.

"ಧಾರಾವಾಹಿ ಕೊನೇ ದಿನ ನಮ್ಮೂರಾಗೆ ಕರೆಂಟ್ ಹೋಗ್ಬುಡ್ತು ಕಣಪ್ಪ," ಅಂದಳು ಆಯಮ್ಮ. "ಕಳ್ಳ ಸಿಕ್ಕಾಕ್ಕಂಡ ಅಂತ ನಾನು, ತಪ್ಪಿಸ್ಕಂಡ ಅಂತ ನಮ್ಮೆಜಮಾನ್ರು. ಇವತ್ಗೂ ಅದೇ ಜಗಳ. ಏನಾಯ್ತು ಹೇಳ್ಬುಡು."

"ಸಿಕ್ಕಿಬಿದ್ದೆ, ಅಮ್ಮ."

ಆಯಮ್ಮ ಗೆದ್ದ ಮುಖದಲ್ಲಿ, ಹಿಂದೆ ಕೂತು ಪೊಟ್ಟಣ ಕಟ್ಟುತ್ತಿದ್ದ ಗಂಡನ ಕಡೆ ತಿರುಗಿದಳು. "ಕೇಳುಸ್ತಾ? ಸಿಕ್ಕಿಬಿದ್ನಂತೆ!"

ಯಜಮಾನರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ಅಂಗಾದ್ರೆ ಜೈಲಿಂದ ಬುಟ್ಟಿದ್ದು ಯಾವಾಗ?"

ಆಯಮ್ಮನ ಮುಖದ ನಗು ಹೋಯಿತು. ಚಿಲ್ಲರೆ ಡಬ್ಬ ಮೆಲ್ಲಗೆ ಮಡಿಲಿಗೆ ಸರಿಯಿತು.

ಪಾವಗಡದ ಮುಂದಿನ ಬಸ್ಸೂ ನಾನು ಹತ್ತುವ ಮೊದಲೇ ಹೊರಟಿತು. ಈ ಸಲ ನಾನು ಅದರ ಹಿಂದೆ ನಡೆದುಕೊಂಡೇ ಹೋದೆ. ಓಡಿದ್ದರೆ ಯಾರಾದರೂ ಹಿಡಿದುಕೊಳ್ಳುತ್ತಿದ್ದರು.