ಜೇಡಿಮಣ್ಣಿನ ನಡಿಗೆ

ನಮ್ಮ ಯಜಮಾನರು ಪ್ರಾಥಮಿಕ ಶಾಲೆಯಲ್ಲಿ ಕ್ರಾಫ್ಟ್ ಮೇಷ್ಟ್ರು. ಕತ್ತರಿ, ಅಂಟು, ಬಣ್ಣದ ಕಾಗದ, ಜೇಡಿಮಣ್ಣು. ಬದುಕೆಲ್ಲ ಇದೇ. ಆಮೇಲೆ ಶಾಲೆಗೆ ಟ್ಯಾಬ್ಲೆಟ್ ಬಂತು. ಮಕ್ಕಳ ಕೈಯಲ್ಲಿ ಮಣ್ಣಿನ ಗೊಂಬೆ ಮಾಡಿಸಿ, ಅದರ ಫೋಟೊ ತೆಗೆಸಿ ಸಿನಿಮಾ ಮಾಡಿಸುವುದನ್ನು ಕಲಿತರು. ಗೊಂಬೆಯನ್ನು ಎಳ್ಳಷ್ಟು ಸರಿಸಬೇಕು, ಕೈ ತೆಗೆಯಬೇಕು, ಒಂದು ಫೋಟೊ. ಮತ್ತೆ ಎಳ್ಳಷ್ಟು, ಮತ್ತೊಂದು ಫೋಟೊ. ಎಲ್ಲವನ್ನೂ ಒಂದರ ಹಿಂದೊಂದು ಓಡಿಸಿದರೆ ಗೊಂಬೆ ನಡೆಯುತ್ತದೆ.

ಮನೆಯಲ್ಲಿ ಮಾತು ಕಡಿಮೆ. ಉಗುರಿನ ಸಂದಿಯಲ್ಲಿ ಯಾವಾಗಲೂ ಮಣ್ಣು. ನಾನು ಬಟ್ಟೆ ಹೊಲಿಯುವವಳು. ಆ ಕೈಯಲ್ಲೇ ಬಂದು ಬಟ್ಟೆ ಮುಟ್ಟುತ್ತಾರೆಂದು ದಿನವೂ ಬೈಯುತ್ತಿದ್ದೆ. ತಲೆ ತಗ್ಗಿಸಿ ನಗುತ್ತಿದ್ದರು.

ನನ್ನ ಎಡಗಾಲು ಗಿಡ್ಡ. ಹೆಜ್ಜೆ ಇಟ್ಟಾಗ ಆಚೆಗೆ ಅರ್ಧ ಸುತ್ತು ಹಾಕಿ ಬರುತ್ತದೆ, ಮೈ ಎಡಕ್ಕೆ ಕುಸಿಯುತ್ತದೆ. ಚಿಕ್ಕವಳಿದ್ದಾಗ ಶಾಲೆಯಲ್ಲಿ ಬೋರ್ಡಿನ ಹತ್ತಿರ ಹೋಗು ಎಂದರು. ತಿರುಗಿ ನೋಡಿದರೆ ಹಿಂದೆ ಸಾಲಾಗಿ ಮಕ್ಕಳು, ನನ್ನ ಹಾಗೇ ಕುಂಟುತ್ತಾ. ಟೀಚರ್ ಕೂಡ ನಗುತ್ತಿದ್ದರು. ಬ್ಯಾಗನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ. ಮತ್ತೆ ಹೋಗಲಿಲ್ಲ. ನನ್ನ ಓದು ಅಷ್ಟೇ.

ಮದುವೆಯಾದ ಮೇಲೆ ಇವರು ನನ್ನ ಕಾಲಿನ ಬಗ್ಗೆ ಒಂದು ಮಾತೂ ಆಡಿದವರಲ್ಲ. ರಸ್ತೆಯಲ್ಲಿ ನನ್ನ ಎಡಗಡೆ ನಡೆಯುತ್ತಿದ್ದರು, ಅಷ್ಟೆ.

ಒಂದು ಬೆಳಿಗ್ಗೆ ಶಾಲೆಗೆ ಹೊರಟವರು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತರು. ಏಳಲಿಲ್ಲ.

ಕೆಲವು ವಾರ ಕಳೆದ ಮೇಲೆ ಮೂರನೇ ಕ್ಲಾಸಿನ ಟೀಚರ್ ಫೋನ್ ಮಾಡಿದರು. ಮೇಷ್ಟ್ರು ಶುರು ಮಾಡಿಸಿದ ಸಿನಿಮಾ ಅರ್ಧಕ್ಕೆ ನಿಂತಿದೆ, ಒಂದು ಸಲ ಬಂದು ನೋಡಿ ಎಂದರು.

ನಾದಿನಿ ಮನೆಯಲ್ಲೇ ಇದ್ದಳು. "ಹೋಗ್ಬೇಡಿ ಅತ್ತಿಗೆ," ಅಂದಳು. "ಮೈಕ್ ಹಿಡ್ಕೊಂಡು ಅಣ್ಣನ್ನ ಹೊಗಳಿ, ನಿಮ್ಮನ್ನ ಅಳಿಸಿ ಕಳಿಸ್ತಾರೆ."

"ಮನೇಲಿ ಅಳೋದು ಅಲ್ಲಿ ಅತ್ರೆ ಆಯ್ತು," ಎಂದು ಹೋದೆ.

ಕ್ಲಾಸಿನಲ್ಲಿ ಪರದೆ ಎಳೆದಿದ್ದರು. ನನ್ನನ್ನು ಸಣ್ಣ ಕುರ್ಚಿಯ ಮೇಲೆ ಕೂರಿಸಿದರು. ಟ್ಯಾಬ್ಲೆಟ್ಟಿನ ಗುಂಡಿ ಒತ್ತುವ ಕೆಲಸ ಒಬ್ಬ ಹುಡುಗಿಯದು. ಅವಳನ್ನು ಎಲ್ಲರೂ ಕ್ಲಿಕ್ಕು ಅನ್ನುತ್ತಿದ್ದರು. ಅವಳು ಒತ್ತಿದಳು, ಗೋಡೆಯ ಮೇಲೆ ಬೆಳಕು ಬಿತ್ತು.

ಮಣ್ಣಿನ ಹೆಂಗಸು. ಮುಂದೆ ಹೊಲಿಗೆ ಯಂತ್ರ. ಅಂಗಿಯ ಗುಂಡಿಯೊಂದು ಕೈಯಿಂದ ಜಾರಿ ಬಾಗಿಲಾಚೆ ಉರುಳಿತು. ಹೆಂಗಸು ಎದ್ದಳು. ನಡೆದಳು. ಅರ್ಧ ಸುತ್ತು ಹಾಕಿ ಬರುವ ಕಾಲು. ಕುಸಿಯುವ ಮೈ.

ಕತ್ತಲಲ್ಲಿ ಅಷ್ಟೂ ಮಕ್ಕಳು ನನ್ನನ್ನೇ ನೋಡುತ್ತಿದ್ದರು.

"ಈ ನಡಿಗೆ ಯಾರು ಹೇಳ್ಕೊಟ್ಟಿದ್ದು?" ಎಂದು ಕೇಳಿದೆ.

"ಮೇಷ್ಟ್ರು," ಅಂದಳು ಕ್ಲಿಕ್ಕು. "ಇಲ್ಲೇ ನಡೆದು ತೋರಿಸಿದ್ರು. ನಮ್ಮ ಮನೆಯವರು ಹೀಗೆ ನಡೀತಾರೆ ಅಂದ್ರು."

ಇವರು. ಒಂದು ಕ್ಲಾಸಿನ ಮುಂದೆ. ನನ್ನ ಹಾಗೆ ಕುಂಟಿ ತೋರಿಸಿದ್ದರು. ಬಾಳೆಲ್ಲ ಬಾಯಿಬಿಡದ ಗಂಡ ಮಕ್ಕಳ ಮುಂದೆ ಇದನ್ನು ಆಡಿದ್ದರು. ಸತ್ತವರನ್ನು ಎಬ್ಬಿಸಿ ಕೇಳಬೇಕು ಅನ್ನಿಸಿತು.

"ನೀವು ನಕ್ಕ್ರಾ?"

ಟೀಚರ್ ಬಾಯಿ ತೆರೆದರು. "ಮಕ್ಕಳೇ ಹೇಳ್ಲಿ," ಅಂದೆ.

"ನಕ್ವಿ, ಆಂಟಿ," ಅಂದಳು ಕ್ಲಿಕ್ಕು. "ಮೊದಲ್ನೇ ದಿನ ತುಂಬಾ ನಕ್ವಿ."

"ಅವರೇನಂದ್ರು?"

"ನಕ್ಕು ಮುಗೀಲಿ ಅಂತ ಕೂತಿದ್ರು. ಆಮೇಲೆ ಈಗ ಗೊಂಬೆ ನಡೆಸಿ ಅಂದ್ರು. ನಮ್ಮ ಕೈಲಿ ಆಗ್ಲೇ ಇಲ್ಲ. ಕಾಲು ಕಿತ್ತು ಕಿತ್ತು ಬೀಳೋದು."

"ಗೊಂಬೆ ಮೂತಿ ಮೇಲೇ ಬೀಳೋದು," ಅಂದ ಹಿಂದಿನವನೊಬ್ಬ.

"ಆಂಟಿ ಬೀಳದೆ ಹೇಗೆ ನಡೀತಾರೆ ಅಂತ ಕೇಳ್ದೆ," ಅಂದಳು ಕ್ಲಿಕ್ಕು. "ಅದೇ ನನಗೂ ಆಶ್ಚರ್ಯ ಅಂದ್ರು."

ಟೀಚರ್ ಹತ್ತಿರ ಬಂದು ಕೂತರು. "ವರ್ಷದ ಕೊನೇಲಿ ತಂದೆ ತಾಯಿಯರಿಗೆಲ್ಲ ತೋರಿಸ್ಬೇಕು ಅಂತಿದೀವಮ್ಮ. ನಿಮ್ಮನ್ನ ಕೇಳದೆ ತೋರಿಸಲ್ಲ. ಬೇಡ ಅಂದ್ರೆ ಬೇಡ. ಬೇಕಾದ್ರೆ ಗೊಂಬೆನ ನೇರ ನಡೆಸಿ ಇನ್ನೊಂದು ಸಲ ಮಾಡಿಸ್ತೀನಿ."

"ನೇರ ನಡೆದ್ರೆ ಗುಂಡಿ ಬೇಗ ಸಿಕ್ಬಿಡುತ್ತೆ ಮಿಸ್," ಅಂದಳು ಕ್ಲಿಕ್ಕು. "ಆಮೇಲೆ ಸಿನಿಮಾನೇ ಇರಲ್ಲ."

ಮತ್ತೊಮ್ಮೆ ಹಾಕು ಎಂದೆ. ಹಾಕಿದಳು. ಈ ಸಲ ಕಣ್ಣಿಟ್ಟು ನೋಡಿದೆ. ಏನೋ ಸರಿಯಿಲ್ಲ.

"ಅದು ಬಲಗಾಲು," ಅಂದೆ. "ನನ್ನದು ಎಡಗಾಲು."

ಮಕ್ಕಳೆಲ್ಲ ಒಮ್ಮೆಗೇ ಮಾತಾಡಿದರು. ಮೇಷ್ಟ್ರು ಅವರ ಎದುರಿಗೆ ನಿಂತು ತೋರಿಸಿದ್ದರು. ಅವರ ಎಡಗಾಲು ಮಕ್ಕಳ ಬಲಗಡೆಗೆ ಬಂದಿತ್ತು. ನೋಡಿದ ಹಾಗೇ ಮಕ್ಕಳು ಬಲಗಾಲಿಗೆ ಕುಂಟು ಕೊಟ್ಟಿದ್ದರು.

"ಮೇಷ್ಟ್ರಿಗೂ ಡೌಟ್ ಬಂದಿತ್ತು," ಅಂದಳು ಕ್ಲಿಕ್ಕು. "ಕೊನೇ ದಿನ. ಎಲ್ಲೋ ತಪ್ಪಿದೀವಿ, ಮನೇಲಿ ಸರಿಯಾಗಿ ನೋಡ್ಕೊಂಡು ಬರ್ತೀನಿ ಅಂದ್ರು."

ಅವತ್ತು ಸಂಜೆ ನೀರು ಕೊಡು ಎಂದಿದ್ದರು. ಯಾವತ್ತೂ ಕೇಳಿದವರಲ್ಲ, ತಾವೇ ಹೋಗಿ ಕುಡಿಯುವವರು. ಕೊಟ್ಟೆ. ಲೋಟ ಒಳಗಿಡು ಎಂದರು. ಕನ್ನಡಕ ತಾ ಎಂದರು. ಅದು ಬೇಡ, ಪೇಪರ್ ತಾ ಎಂದರು. ನನ್ನ ಕಾಲಿಗೇನು ಚಕ್ರ ಕಟ್ಟಿದೀರಾ ಎಂದು ರೇಗಿದೆ. ನಕ್ಕರು. ಪೇಪರ್ ಬಿಡಿಸಲೇ ಇಲ್ಲ. ಬೆಳಿಗ್ಗೆ ಹೋದರು.

ನನ್ನನ್ನು ನೋಡುತ್ತಿದ್ದರು. ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಅಡುಗೆಮನೆಗೆ. ಇಷ್ಟು ವರ್ಷ ನನ್ನ ಕಾಲನ್ನು ನೋಡದ ಹಾಗೆ ಇದ್ದವರು. ಅಥವಾ ಎಲ್ಲ ದಿನವೂ ನೋಡುತ್ತಿದ್ದರೋ ಏನೋ. ಅಳುವೂ ಬರಲಿಲ್ಲ.

"ಇನ್ನೇನು ಬಾಕಿ ಇದೆ?" ಎಂದು ಕೇಳಿದೆ.

"ಗುಂಡಿ ಮೆಟ್ಟಿಲ ಮೇಲಿದೆ. ಗೊಂಬೆ ಹತ್ಬೇಕು. ಹತ್ತೋದು ಮೇಷ್ಟ್ರು ತೋರಿಸಿರ್ಲಿಲ್ಲ," ಅಂದಳು ಕ್ಲಿಕ್ಕು.

ಎದ್ದು ನಿಂತೆ. "ಎಲ್ಲಿದೆ ಮೆಟ್ಟಿಲು?"

ವರಾಂಡದ ಕೊನೆಯಲ್ಲಿ ಮಹಡಿಗೆ ಹೋಗುವ ಮೆಟ್ಟಿಲು. ಮಕ್ಕಳು ಹಿಂದೆ ಬಂದರು. ತಿರುಗಿ ನೋಡಿದೆ. ಯಾರೂ ಕುಂಟುತ್ತಿರಲಿಲ್ಲ. ಒಬ್ಬಳ ಅಂಗೈಯಲ್ಲಿ ಗೊಂಬೆ, ಇನ್ನೊಬ್ಬನ ಕೈಯಲ್ಲಿ ಮಣ್ಣಿನ ಉಂಡೆ, ಮತ್ತೊಬ್ಬಳ ಕೈಯಲ್ಲಿ ರಟ್ಟಿನ ಪುಟ್ಟ ಮೆಟ್ಟಿಲು.

"ಎದುರಿಗೆ ನಿಲ್ಬೇಡಿ. ಹಿಂದೆ ನಿಂತು ನೋಡಿ. ಎಡ ಅಂದ್ರೆ ಎಡವೇ," ಅಂದೆ.

ಕೆಳಗೆ ನಿಂತೆ. ಯಾವ ಕಾಲು ಮೊದಲು? ಇಷ್ಟು ವರ್ಷ ಹತ್ತಿದ್ದೇನೆ, ನನಗೇ ಗೊತ್ತಿರಲಿಲ್ಲ. ಯೋಚಿಸಿದರೆ ಕಾಲು ಏಳಲಿಲ್ಲ. ಯೋಚನೆ ಬಿಟ್ಟು ಹತ್ತಿದೆ.

"ನಿಲ್ಲಿ ಆಂಟಿ," ಅಂದಳು ಕ್ಲಿಕ್ಕು. ನಿಂತೆ. ಗೊಂಬೆಯ ಬಲಗಾಲು ಎತ್ತಿ ರಟ್ಟಿನ ಮೊದಲ ಮೆಟ್ಟಿಲಿಗಿಟ್ಟರು. ಗಿಡ್ಡವಾಗಲೆಂದು ಎಡಗಾಲಿನಿಂದ ಚೂರು ಮಣ್ಣು ಚಿವುಟಿ ತೆಗೆದರು.

"ಕೈ ಗೋಡೆಗೆ ಹೋಗುತ್ತೆ, ನೋಡ್ರೋ," ಅಂದ ಮಣ್ಣು ಹಿಡಿದವನು.

ನೋಡಿಕೊಂಡೆ. ನನ್ನ ಎಡಗೈ ಗೋಡೆಯ ಮೇಲಿತ್ತು. ಅದೂ ನನಗೆ ಗೊತ್ತಿರಲಿಲ್ಲ.

"ಹೂಂ, ಆಯ್ತು," ಅಂದಳು ಕ್ಲಿಕ್ಕು, ಫೋಟೊ ತೆಗೆದು. "ಮುಂದಿನದು ಹತ್ತಿ."