ಹೊನ್ನಯ್ಯನ ಹುರಿಗೆ ಸಿಗದ ಒಂದೂವರೆ ಬೆರಳು

ನಿಡಘಟ್ಟದ ಹೊನ್ನಯ್ಯ ಮೊಳಕ್ಕೊಂದು ಗಂಟು ಹಾಕಿದ ಕತ್ತಾಳೆ ಹುರಿಯೊಂದನ್ನು ಸದಾ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದ. ಅಂಗಡಿಯವನು ಅಳೆದುಕೊಟ್ಟ ಪಂಚೆಯನ್ನು ಅಲ್ಲೇ ಬಿಚ್ಚಿ ಮತ್ತೊಮ್ಮೆ ಅಳೆಯುವವನು. ಜಮೀನು ಅಳೆಯಲು ಬಂದವರ ಸರಪಳಿಯನ್ನೇ ಅಳೆದ ಆಸಾಮಿ. ತಾಳಿ ಕಟ್ಟೋಕೆ ಮುಂಚೆ ನನ್ನನ್ನೂ ಅಳೆದಿರಬೇಕು ಅಂತ ಹೆಂಡತಿ ಚಿಕ್ಕಬೋರಮ್ಮ ನೆರೆಯವರ ಹತ್ತಿರ ಹೇಳಿಕೊಂಡು ನಗುತ್ತಿದ್ದಳು.

ಯುದ್ಧದ ಕಾಲ ಅದು. ಕಬ್ಬಿಣಕ್ಕೆ ಪರ್ಮಿಟ್ಟು ಬೇಕು. ಮೂರು ತಿಂಗಳು ಅಲೆದು, ಗಾಡಿಯ ಎರಡು ಚಕ್ರಕ್ಕಾಗುವಷ್ಟು ಪಟ್ಟಿ ಸಂಪಾದಿಸಿ, ಮದ್ದೂರಿನ ಜಲಾಲ್ ಸಾಬರ ಕುಲುಮೆಗೆ ತಂದು ಹಾಕಿದ. ಹೊಲದಲ್ಲಿ ಕಬ್ಬು ಕಡಿದು ಬಿದ್ದಿತ್ತು. ಎರಡು ದಿನದೊಳಗೆ ಮಂಡ್ಯದ ಕಾರ್ಖಾನೆ ಮುಟ್ಟದಿದ್ದರೆ ಒಣಗಿ ಸೌದೆಯಾಗುತ್ತದೆ, ವರ್ಷದ ಬೆವರು ಹೋಗುತ್ತದೆ. ಆದರೂ ಅವನು ಮನೆಗೆ ಹೋಗದೆ ಎದುರಿನ ಹೊಂಗೆ ಮರದಡಿ ಕೂತು ಸಾಬರ ಕೈಯನ್ನೇ ನೋಡುತ್ತಿದ್ದ.

ಪಟ್ಟಿ ಬಾಗಿಸಿ, ಚಕ್ರಗಳಿಗೆ ತೊಡಿಸುವ ಎರಡು ಬಳೆ ಬೆಸೆದು, ಜಲಾಲ್ ಸಾಬರು ನಮಾಜಿಗೆ ಎದ್ದರು. ಹೊನ್ನಯ್ಯ ಹುರಿ ಬಿಚ್ಚಿದ. ಚಕ್ರದ ಮರದ ಸುತ್ತು ಹತ್ತೂವರೆ ಮೊಳ. ಬಳೆಯ ಒಳಸುತ್ತು ಅದಕ್ಕಿಂತ ಒಂದೂವರೆ ಬೆರಳು ಕಮ್ಮಿ. ಇನ್ನೊಂದನ್ನು ಅಳೆದ. ಅದೂ ಅಷ್ಟೇ ಕಮ್ಮಿ. ಒಂದೇ ಆಗಿದ್ದರೆ ಕೈತಪ್ಪು ಅನ್ನಬಹುದಿತ್ತು. ಎರಡೂ ಒಂದೇ ಸಮ ಅಂದರೆ ಇದು ಕದ್ದು ಪಳಗಿದ ಕೈ. ಮೂಲೆಯಲ್ಲಿ ಕಬ್ಬಿಣದ ತುಂಡುಗಳ ಗುಡ್ಡೆ ಕಣ್ಣಿಗೆ ಬಿತ್ತು. ಇವೆಲ್ಲ ಯಾರ್ಯಾರ ಗಾಡಿಯವೋ ಅಂದುಕೊಂಡ.

ಸಾಬರು ಬಂದ ಮೇಲೆ ಕೇಳಿದ. ಕಾದರೆ ಕಬ್ಬಿಣ ಬೆಳೆಯುತ್ತದೆ, ಆರಿದ ಮೇಲೆ ಕುಗ್ಗಿ ಮರವನ್ನು ಕಚ್ಚಬೇಕು, ಅದಕ್ಕೇ ಕಮ್ಮಿ ಎಂದರು ಅವರು.

“ಊದ್ಕೊಳ್ಳಾಕೆ ಕಬ್ಬುಣ ಏನು ನೆನೆಯಾಕಿದ ಉಳ್ಳಿಕಾಳಾ ಸಾಬ್ರೇ?”

ಜಲಾಲ್ ಸಾಬರ ಮುಖ ಕಪ್ಪಿಟ್ಟಿತು. ಅಪ್ಪನ ಕಾಲದಿಂದ ಅವರ ಕುಲುಮೆಯಲ್ಲಿ ಯಾರೂ ಹುರಿ ಬಿಚ್ಚಿದ್ದಿಲ್ಲ. ತಿದಿ ಒತ್ತುತ್ತಲೇ ಹೇಳಿದರು:

“ಎಡದ್ದು ನನ್ ಲೆಕ್ಕಕ್ಕೆ ಇರ್ಲಿ ಗೌಡ್ರೇ. ಬಲದ್ದು ನಿಮ್ ಹುರಿಗೇ ಮಾಡ್ತೀನಿ.”

ಬಲದ ಬಳೆಯನ್ನು ಕತ್ತರಿಸಿ, ಅವನದೇ ಪಟ್ಟಿಯಲ್ಲಿ ಉಳಿದಿದ್ದ ತುಂಡನ್ನು ಸೇರಿಸಿ ಬೆಸೆದರು. ಎರಡನ್ನೂ ಕೆಂಪಗೆ ಕಾಯಿಸಿ ಚಕ್ರಗಳಿಗೆ ಹಾಕಿ ನೀರು ಹುಯ್ದರು. ಎಡದ ಚಕ್ರದ ಕೀಲುಗಳೆಲ್ಲ ಕಿರಗುಟ್ಟಿ ಬಿಗಿದುಕೊಂಡವು. ಬಲದ್ದು ಸುಮ್ಮನೆ ಕೂತಿತು. ಮರ ನೋಯದೆ ಕೂತಿದ್ದೇ ಸರಿ ಎನಿಸಿತು ಹೊನ್ನಯ್ಯನಿಗೆ.

ಮಾರನೆಯ ದಿನ ಗಂಡ ಹೆಂಡತಿ ಕಬ್ಬು ಹೇರಿಕೊಂಡು ಹೊರಟರು. ಗೆಜ್ಜಲಗೆರೆ ಹತ್ತಿರ ಬಲದ ಬಳೆ ಕಳಚಿ, ಉರುಳಿಕೊಂಡು ಹೋಗಿ ಗದ್ದೆಗೆ ಬಿತ್ತು. ಬೇಕೂಂತಲೇ ಸಡಿಲ ಬಿಟ್ಟವ್ನೆ ಎಂದು ಹೊನ್ನಯ್ಯ ಹಲ್ಲು ಕಡಿದ. ನಿನ್ನ ಹುರಿಯೇ ಅಲ್ಲವಾ ಅಳತೆ ಕೊಟ್ಟದ್ದು ಎಂದಳು ಚಿಕ್ಕಬೋರಮ್ಮ. ಅಚ್ಚಿಗೆ ಕಲ್ಲು ಕೊಟ್ಟು ನಿಲ್ಲಿಸಿ, ಕಬ್ಬಿಗೆ ಅವಳನ್ನು ಕಾವಲಿಟ್ಟು, ಯಾರದೋ ಖಾಲಿ ಗಾಡಿಯಲ್ಲಿ ಚಕ್ರ, ಬಳೆ ಎರಡನ್ನೂ ಹೇರಿಕೊಂಡು ಮದ್ದೂರಿಗೆ ಬಂದ.

ಸಾಬರು ಬೈಯಲಿಲ್ಲ. ಒಂದು ಮೊಳದ ತುಂಡನ್ನು ನೆಲದ ಮೇಲಿಟ್ಟು ಎರಡೂ ತುದಿಗೆ ಗೆರೆ ಎಳೆದರು. ಅದನ್ನೇ ಕೆಂಪಗೆ ಕಾಯಿಸಿ ಮತ್ತೆ ಅಲ್ಲಿಟ್ಟರು. ಒಂದು ತುದಿ ಗೆರೆ ದಾಟಿತ್ತು. ದಾಟಿದ ಜಾಗಕ್ಕೆ ಗುರುತು ಹಾಕಿ ತುಂಡನ್ನು ಆಚೆಗೆಳೆದು, ಹೆಂಡತಿ ಸುಲ್ತಾನ್ ಬೀ ತಂದುಕೊಟ್ಟ ರಾಗಿ ಜೋಡಿಸಿದರು. ನಡುವೆ ಎರಡು ಕಾಳು ಹಿಡಿಯಿತು.

“ಮೊಳಕ್ಕೆ ಎರಡು ಕಾಳು ಬೆಳೀತು. ಅತ್ತೂವರೆ ಮೊಳಕ್ಕೆ ಎಷ್ಟು, ನೀವೇ ಏಳಿ.”

ಹೊನ್ನಯ್ಯ ಬೆರಳು ಮಡಿಸಿ ಎಣಿಸಿದ. ಇಪ್ಪತ್ತೊಂದು. ಅಷ್ಟು ಕಾಳನ್ನು ಸಾಲಾಗಿಟ್ಟು ಪಕ್ಕದಲ್ಲಿ ಬೆರಳೂರಿದ. ಒಂದೂವರೆ ಬೆರಳು.

ಬಳೆಯಿಂದ ಅಷ್ಟನ್ನು ಕತ್ತರಿಸಿ ಮತ್ತೆ ಬೆಸೆದು ಚಕ್ರಕ್ಕೆ ಬಿಗಿದರು. ಕತ್ತರಿಸಿದ ತುಂಡನ್ನು ಸಾಬರು ಅವನ ಕೈಯಲ್ಲೇ ಇಟ್ಟರು. ಹೊತ್ತು ಮುಳುಗುವ ಮುಂಚೆ ಕಬ್ಬು ಕಾರ್ಖಾನೆ ಮುಟ್ಟಿತು.

ಮನೆಗೆ ಬಂದವನಿಗೆ ಇನ್ನೊಂದು ಅನುಮಾನ ಹತ್ತಿತು. ಆ ರಾಗಿ ಸಾಬರ ಮನೆಯದು, ಕಾಳು ದಪ್ಪ ಇದ್ದಿರಬಹುದು. ತನ್ನ ಮಡಕೆಯಿಂದಲೇ ಇಪ್ಪತ್ತೊಂದು ಕಾಳು ತೆಗೆದು ಜೋಡಿಸಿದ. ಬೆರಳು ಒಂದೂವರೆಯೇ ಬಂತು. ಹುರಿಯಲ್ಲಿ ಹತ್ತೂವರೆ ಮೊಳಕ್ಕೆ ಒಂದೂವರೆ ಬೆರಳು ಹಿಂದೆ ಹೊಸ ಗಂಟೊಂದನ್ನು ಹಾಕಿದ.

ಮಾರನೆಯ ದಿನ ಇಪ್ಪತ್ತೊಂದು ಜಲ್ಲೆ ಕಬ್ಬು ಹೊತ್ತುಕೊಂಡು ಹೋಗಿ ಕುಲುಮೆಯ ಮುಂದೆ ಇಳಿಸಿದ. ಜಲಾಲ್ ಸಾಬರು ಅವನ ಎದುರಿಗೇ ಒಂದೊಂದಾಗಿ ಎಣಿಸಿಕೊಂಡರು.